ಕಾರಿನ ಶೋರೂಮಿಗೆ ಲಾಭ ಎಲ್ಲಿಂದ ಬರುತ್ತದೆ? ಕಾಸರಗೋಡಿನವರು ಕೊಟೇಶನ್ ಓದುವ ಬಗೆ

ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊಸ ಕಾರುಗಳು ಜಾಸ್ತಿ ಕಾಣುತ್ತವೆ. ಉಪ್ಪಳ, ಕುಂಬಳೆ ಕಡೆ ಗಲ್ಫಿನಿಂದ ರಜೆಗೆ ಬಂದವರ ಮನೆಯಲ್ಲೂ ಹಾಗೆಯೇ. ಕಾರು ತಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ ಒಂದೇ: "ಡಿಸ್ಕೌಂಟ್ ಎಷ್ಟು ಕೊಟ್ರು?" ಇಪ್ಪತ್ತು ಸಾವಿರ ಅಂದರೆ ತಲೆದೂಗುತ್ತೇವೆ. ಇನ್ಶೂರೆನ್ಸಿಗೆ ಎಷ್ಟು ಕೊಟ್ಟಿರಿ, ಲೋನಿನ ಬಡ್ಡಿ ಎಷ್ಟು, ಸೀಟ್ ಕವರಿಗೆ ಎಷ್ಟು ಹಾಕಿದರು ಎಂದು ಯಾರೂ ಕೇಳುವುದಿಲ್ಲ. ಶೋರೂಮಿನ ಹೆಚ್ಚಿನ ಲಾಭ ಇರುವುದು ಈ ಕೇಳದೇ ಬಿಟ್ಟ ಪ್ರಶ್ನೆಗಳಲ್ಲಿ.

ಡೀಲರನ್ನು ಕಳ್ಳ ಅಂತ ತಿಳಿದು ಶೋರೂಮಿಗೆ ಹೋಗಬೇಕಾಗಿಲ್ಲ. ಹೈವೇ ಬದಿಯ ಜಾಗದ ಬಾಡಿಗೆ, ಇಪ್ಪತ್ತು ಮೂವತ್ತು ಜನರ ಸಂಬಳ, ಕಂಪನಿಯಿಂದ ತಂದ ಕಾರುಗಳ ಮೇಲೆ ಬ್ಯಾಂಕಿನ ಬಡ್ಡಿ, ಇದನ್ನೆಲ್ಲ ಅವರು ಎಲ್ಲಿಂದಾದರೂ ಹುಟ್ಟಿಸಬೇಕು ಅಲ್ವಾ? ಎಲ್ಲಿಂದ ಹುಟ್ಟಿಸುತ್ತಾರೆ ಎಂಬುದು ಗೊತ್ತಿದ್ದರೆ ಎಲ್ಲಿ ಹಿಡಿದು ಮಾತಾಡಬೇಕು ಎಂಬುದೂ ಗೊತ್ತಾಗುತ್ತದೆ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಮೊದಲ ಹೆಜ್ಜೆ: ಡೀಲರ್ ಎಲ್ಲಿ ಸಂಪಾದಿಸುತ್ತಾರೆ ಅಂತ ತಿಳಿದುಕೊಳ್ಳಿ

ಕಂಪನಿ ಡೀಲರಿಗೆ ಕಾರು ಮಾರುತ್ತದೆ. ಡೀಲರ್ ನಮಗೆ ಮಾರುತ್ತಾರೆ. ಮಧ್ಯದ ವ್ಯತ್ಯಾಸ ಡೀಲರ್ ಮಾರ್ಜಿನ್. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ರೂಪಾಯಿಯ ಆಸುಪಾಸು. ಮಾಡೆಲ್ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ಒಂದು ಲೆಕ್ಕ ಹಾಕೋಣ. ಎಕ್ಸ್ ಶೋರೂಮ್ ಬೆಲೆ (ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ) 8 ಲಕ್ಷದ, 1.2 ಲೀಟರ್ ಪೆಟ್ರೋಲ್ ಎಂಜಿನಿನ ಸಣ್ಣ ಕಾರು ಅಂತ ಇಟ್ಟುಕೊಳ್ಳಿ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿ ದಾಟದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಶೇಕಡಾ. ಅದನ್ನು ತೆಗೆದರೆ ಕಾರಿನ ಮೂಲ ಬೆಲೆ ಸುಮಾರು 6.78 ಲಕ್ಷ. ಮಾರ್ಜಿನ್ ಶೇಕಡಾ 4 ಅಂದರೂ ಡೀಲರಿಗೆ ಸಿಗುವುದು 27,000 ರೂಪಾಯಿ. ಅದರಲ್ಲಿ 20,000 ನಿಮಗೇ ಡಿಸ್ಕೌಂಟ್ ಕೊಟ್ಟುಬಿಟ್ಟರೆ ಉಳಿದದ್ದರಲ್ಲಿ ಅಂಗಡಿ ನಡೆಯುವುದಿಲ್ಲ. ಹಾಗಾಗಿ ಡಿಸ್ಕೌಂಟಿನ ದೊಡ್ಡ ಪಾಲು ಸಾಮಾನ್ಯವಾಗಿ ಕಂಪನಿಯೇ ಕೊಡುವ ಆಫರ್ ಆಗಿರುತ್ತದೆ. ಡೀಲರ್ ತನ್ನ ಕೈಯಿಂದ ಸೇರಿಸುವುದು ಅದರ ಮೇಲೆ ಸ್ವಲ್ಪ.

ಉಳಿದ ಸಂಪಾದನೆ ಬರುವುದು ಇನ್ಶೂರೆನ್ಸಿನ ಕಮಿಷನ್, ಲೋನ್ ಮಾಡಿಸಿಕೊಟ್ಟದ್ದಕ್ಕೆ ಬ್ಯಾಂಕ್ ಕೊಡುವ ಹಣ, ಆಕ್ಸೆಸರಿ, ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ, ಹಳೆಯ ಕಾರಿನ ಎಕ್ಸ್‌ಚೇಂಜ್, ಮತ್ತೆ ವರ್ಷಗಟ್ಟಲೆ ನಡೆಯುವ ಸರ್ವಿಸ್ ಇವುಗಳಿಂದ. ತಿಂಗಳಿಗೆ ಇಷ್ಟು ಕಾರು ಎತ್ತಿದರೆ, ಇಷ್ಟು ಮಾರಿದರೆ ಅಂತ ಕಂಪನಿಯ ಟಾರ್ಗೆಟ್ ಬೋನಸ್ಸೂ ಇದೆ. ಈ ಬೋನಸ್ಸಿಗೆ ಒಂದೆರಡು ಕಾರು ಕಡಿಮೆ ಬಿದ್ದ ತಿಂಗಳ ಕೊನೆಯಲ್ಲಿ ಮಾರ್ಜಿನ್ ಬಿಟ್ಟುಕೊಟ್ಟಾದರೂ ಕಾರು ಮಾರುತ್ತಾರೆ.

ಎರಡನೆಯದು: ಯಾವಾಗ ಹೋಗಬೇಕು

ಶೋರೂಮಿನ ಯಾರ್ಡಿನಲ್ಲಿ ನಿಂತ ಕಾರು ಸುಮ್ನೆ ನಿಂತಿರುವುದಿಲ್ಲ. ಹೆಚ್ಚಿನ ಡೀಲರುಗಳು ಬ್ಯಾಂಕ್ ಸಾಲದಲ್ಲೇ ಕಂಪನಿಯಿಂದ ಕಾರು ಎತ್ತುತ್ತಾರೆ. ಏಳೂವರೆ ಲಕ್ಷದ ಕಾರಿಗೆ ಶೇಕಡಾ 10ರ ಬಡ್ಡಿ ಹಿಡಿದರೆ ದಿನಕ್ಕೆ ಸುಮಾರು 200 ರೂಪಾಯಿ. ಎರಡು ತಿಂಗಳು ನಿಂತರೆ 12,000 ಹೋಯಿತು. ದೇಶದ ಡೀಲರುಗಳ ಒಕ್ಕೂಟ ಫಾಡಾ, 21 ದಿನದ ಸ್ಟಾಕ್ ಇದ್ದರೆ ಸಾಕು ಅನ್ನುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅದು 80–85 ದಿನಕ್ಕೆ ಏರಿತ್ತು ಎಂದು ಅದೇ ಒಕ್ಕೂಟ ಹೇಳಿತ್ತು. ಆ ವರ್ಷ ಹಬ್ಬದ ಹೊತ್ತಿಗೆ ದೊಡ್ಡ ದೊಡ್ಡ ಆಫರುಗಳು ಬಂದದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಕಡೆಗೆ ಇನ್ನೊಂದು ಲೆಕ್ಕ ಇದೆ. ಆಟಿ ತಿಂಗಳಲ್ಲಿ, ಮಲಯಾಳಿಗಳ ಕರ್ಕಾಟಕದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಮಳೆಯೂ ಜೋರು. ಮಾತುಕತೆಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಆಟಿಯಲ್ಲಿ ಕೂತು ರೇಟು ಮಾತಾಡಿ, ಬುಕ್ ಮಾಡಿ, ಡೆಲಿವರಿಯನ್ನು ಮುಂದಿನ ಸೋಣ ತಿಂಗಳಿಗೆ ಇಟ್ಟುಕೊಳ್ಳಿ. ಆದರೆ ಒಂದು ಮಾತು ಬರೆಸಿಕೊಳ್ಳಬೇಕು: "ಡೆಲಿವರಿ ದಿನ ಇದಕ್ಕಿಂತ ಒಳ್ಳೆಯ ಓಣಂ ಆಫರ್ ಇದ್ದರೆ ಅದು ನಮಗೆ ಸಿಗಬೇಕು." ಸಾಮಾನ್ಯವಾಗಿ ಆಫರ್ ಲೆಕ್ಕ ಹಾಕುವುದು ಬಿಲ್ ಆದ ತಿಂಗಳಿಗೆ, ಬುಕ್ ಮಾಡಿದ ತಿಂಗಳಿಗಲ್ಲ.

ಓಣಂ ಆಫರುಗಳನ್ನು ಕಂಪನಿಗಳು ಹೆಚ್ಚಾಗಿ ಕೇರಳದ ಶೋರೂಮುಗಳಿಗೆ ಮಾತ್ರ ಕೊಡುತ್ತವೆ. ದಸರಾ, ದೀಪಾವಳಿ ಹೊತ್ತಿಗೆ ಮಂಗಳೂರಿನ ಕಡೆ ಜೋರಾಗುತ್ತದೆ. ಗಡಿಯಲ್ಲಿರುವ ನಮಗೆ ಎರಡೂ ಬಾಗಿಲು ತೆರೆದಿದೆ. ಇದನ್ನು ಉಪಯೋಗಿಸಿಕೊಳ್ಳದೇ ಬಿಡುವುದು ಯಾಕೆ?

ಡಿಸೆಂಬರಿನ ಆಫರಿನ ಬಗ್ಗೆ ಮಾತ್ರ ಎಚ್ಚರ. ಜನವರಿ ಬಂದ ಕೂಡಲೇ ಆ ಕಾರು ಹಿಂದಿನ ವರ್ಷದ್ದಾಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ವಿಷಯವಲ್ಲ, ಡಿಸ್ಕೌಂಟ್ ಲಾಭವೇ. ನಾಲ್ಕು ವರ್ಷದಲ್ಲಿ ಮಾರುವವರಿಗೆ ಅಲ್ಲಿ ಉಳಿಸಿದ್ದು ಇಲ್ಲಿ ಹೋಗುತ್ತದೆ.

ತಲಪಾಡಿಯ ಆಚೆಯೋ, ಈಚೆಯೋ

ಕಾರು ಕೊಳ್ಳುವುದು ತಲಪಾಡಿ ಗಡಿಯ ಈಚೆ ಕೇರಳದಲ್ಲೋ, ಆಚೆ ಮಂಗಳೂರಿನಲ್ಲೋ ಎಂಬುದು ಕಾಸರಗೋಡು ಜಿಲ್ಲೆಯ ಕನ್ನಡದ ಮನೆಗಳಲ್ಲಿ ಒಂದು ದೊಡ್ಡ ಚರ್ಚೆ. ಕಾಸರಗೋಡು, ಹೊಸದುರ್ಗದ ಶೋರೂಮಿನಲ್ಲಿ ಮಾತೆಲ್ಲ ಮಲಯಾಳದಲ್ಲಿ. ಮಂಗಳೂರಿನಲ್ಲಾದರೆ ಕನ್ನಡ, ತುಳು ನಡೆಯುತ್ತದೆ, ಮಾಡೆಲುಗಳೂ ಜಾಸ್ತಿ ಸಿಗುತ್ತವೆ. ಮಂಜೇಶ್ವರ, ಉಪ್ಪಳದವರಿಗೆ ಹತ್ತಿರವೂ ಅದೇ. ಅಲ್ಲಿಂದ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಮಂಗಳೂರಿನಲ್ಲಿ ಕೊಂಡರೆ ಟ್ಯಾಕ್ಸ್ ಉಳಿಯುತ್ತದೆ ಎಂಬ ಮಾತು ನಿಜವಲ್ಲ. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ. ರಸ್ತೆ ತೆರಿಗೆ ಕಟ್ಟಬೇಕಾದದ್ದು ನೀವು ವಾಸವಿದ್ದು ಗಾಡಿ ಇಟ್ಟುಕೊಳ್ಳುವ ರಾಜ್ಯಕ್ಕೆ. ರಿಜಿಸ್ಟ್ರೇಶನ್ನೂ ಅಲ್ಲೇ ಆಗಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಮಂಗಳೂರಿನ ಡೀಲರ್ ನಿಮಗೆ ತಾತ್ಕಾಲಿಕ ನಂಬರ್ ಹಾಕಿ ಕೊಡುತ್ತಾರೆ. ನೀವು ಇಲ್ಲಿ ಬಂದು ಕೇರಳದ 15 ವರ್ಷದ ತೆರಿಗೆ ಕಟ್ಟಿ ಕೆಎಲ್ 14 ನಂಬರ್ ಮಾಡಿಸಬೇಕು. ನೆಂಟರ ವಿಳಾಸ ಕೊಟ್ಟು ಕೆಎ 19 ಮಾಡಿಸಿ ಇಲ್ಲಿ ಓಡಿಸುವವರಿದ್ದಾರೆ. ಪುದುಚೇರಿಯಲ್ಲಿ ಸುಳ್ಳು ವಿಳಾಸ ಕೊಟ್ಟು ರಿಜಿಸ್ಟರ್ ಮಾಡಿಸಿದ ಕಾರುಗಳ ಮೇಲೆ 2017ರಲ್ಲಿ ಕೇರಳ ಎಷ್ಟು ಕೇಸು ಹಾಕಿತು ಎಂಬುದು ನಮಗೆಲ್ಲ ಗೊತ್ತು. ಆ ದಾರಿಗೆ ಹೋಗಬೇಡಿ. ತಪಾಸಣೆಯಲ್ಲಿ ಸಿಕ್ಕಿದರೆ ಉಳಿಸಿದ ತೆರಿಗೆಯ ಜತೆಗೆ ನೆಮ್ಮದಿಯೂ ಹೋಗುತ್ತದೆ.

ಹಾಗಾದರೆ ಎರಡು ಕಡೆ ತಿರುಗಿ ಏನು ಲಾಭ? ಮೂರು ವಿಷಯದಲ್ಲಿ ವ್ಯತ್ಯಾಸ ಸಿಗುತ್ತದೆ: ಡೀಲರ್ ಕೈಯಿಂದ ಕೊಡುವ ಡಿಸ್ಕೌಂಟ್, ಕಾರು ಸಿಗುವ ದಿನ, ಮತ್ತೆ ಇನ್ಶೂರೆನ್ಸ್, ಆಕ್ಸೆಸರಿಯಲ್ಲಿ ಅವರು ಎಷ್ಟು ಬಿಡುತ್ತಾರೆ ಎಂಬುದು. ಇಲ್ಲಿನ ಕೊಟೇಶನ್ ಅಲ್ಲಿ, ಅಲ್ಲಿನದ್ದು ಇಲ್ಲಿ ತೋರಿಸಿ. ಒಂದೇ ಕಂಪನಿಯ ಎರಡು ಡೀಲರುಗಳ ನಡುವೆ ಹೀಗೆ ಮಾತಾಡುವುದೇ ಅತ್ಯಂತ ಫಲ ಕೊಡುವ ಚೌಕಾಶಿ.

ಮಂಗಳೂರಿನಿಂದ ತರುವವರು ಆರ್‌ಟಿಒ ಓಡಾಟ ಯಾರು ಮಾಡುವುದು ಅಂತ ಮೊದಲೇ ತೀರ್ಮಾನಿಸಿ. ತಾತ್ಕಾಲಿಕ ನಂಬರಿನ ಅವಧಿ ಮುಗಿಯುವ ಮೊದಲೇ ಕೆಲಸ ಆಗಬೇಕು. ಕಾಸರಗೋಡಿನ ಡೀಲರಾದರೆ ಆನ್‌ಲೈನಿನಲ್ಲೇ ಅರ್ಜಿ ಹಾಕಿ, ನಂಬರ್ ಪ್ಲೇಟ್ ಕೂರಿಸಿಯೇ ಗಾಡಿ ಕೊಡುತ್ತಾರೆ. ಆ ಸುಲಭಕ್ಕೂ ಒಂದು ಬೆಲೆ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಟೇಶನ್ ಕೈಗೆ ಬಂದ ಮೇಲೆ

ಮುಖ್ಯವಾದ ಕೆಲಸ ಇದು. ಭಾವನ ಜತೆ ಒಂದು ಶೋರೂಮಿಗೆ ಹೋಗಿದ್ದೆ. ಸೇಲ್ಸಿನ ಹುಡುಗ ಬಲು ಮರ್ಯಾದೆಯವನು. ಚಹಾ ತರಿಸಿ, ಒಂದು ಹಾಳೆಯಲ್ಲಿ ಆನ್ ರೋಡ್ ಬೆಲೆ ಅಂತ ಒಂದೇ ದೊಡ್ಡ ಅಂಕಿ ಬರೆದು, ಅದರ ಸುತ್ತ ಪೆನ್ನಿನಲ್ಲಿ ವೃತ್ತ ಹಾಕಿದ. "ಎಲ್ಲ ಸೇರಿ ಇಷ್ಟೇ ಸರ್." ಭಾವ ಆಗಲೇ ಹ್ಞೂಂ ಅನ್ನುವುದರಲ್ಲಿದ್ದರು.

"ಭಾವ, ಸ್ವಲ್ಪ ತಡೀರಿ. ಎಲ್ಲ ಅಂದ್ರೆ ಏನೇನು ಅಂತ ಕೇಳುವ."

ಬಿಡಿಬಿಡಿಯಾಗಿ ಪ್ರಿಂಟ್ ಕೊಡಿ ಎಂದು ಕೇಳಿದೆವು. ಹತ್ತು ನಿಮಿಷದಲ್ಲಿ ಬಂತು. ಅಂಥದ್ದೇ ಒಂದು ಹಾಳೆಯನ್ನು, ಸುಲಭವಾಗಲಿ ಅಂತ ನಮ್ಮ 8 ಲಕ್ಷದ ಕಾರಿಗೆ ಹೊಂದಿಸಿ ಇಲ್ಲಿ ಬರೆಯುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ.

ಎಕ್ಸ್ ಶೋರೂಮ್: 8,00,000
ರಸ್ತೆ ತೆರಿಗೆ, ರಿಜಿಸ್ಟ್ರೇಶನ್: ಸರ್ಕಾರದ ದರ
ಇನ್ಶೂರೆನ್ಸ್: 41,000
ಆಕ್ಸೆಸರಿ ಪ್ಯಾಕ್: 18,500
ಎಕ್ಸ್‌ಟೆಂಡೆಡ್ ವಾರಂಟಿ: 14,000
ಕೋಟಿಂಗ್: 9,500
ಹ್ಯಾಂಡ್ಲಿಂಗ್ ಮತ್ತು ಆರ್‌ಟಿಒ ಸರ್ವಿಸ್: 7,500
ಆಫರ್: 25,000 ಕಡಿತ

ಮೊದಲ ಎರಡು ಸಾಲುಗಳನ್ನು ಬಿಡಿ. ಒಂದು ಕಂಪನಿಯ ಬೆಲೆ, ಇನ್ನೊಂದು ಸರ್ಕಾರದ್ದು. ತೆರಿಗೆ ಎಷ್ಟಾಗುತ್ತದೆ ಎಂದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ ತಾಳೆ ಹಾಕಿದರೆ ಸಾಕು. ನಂತರದ ಐದು ಸಾಲು ಕೂಡಿಸಿ: 90,500. ಡೀಲರ್ ಸಂಪಾದಿಸುವ ಜಾಗ ಅದು. 25,000ದ ಆಫರ್ ಕಂಡು ಖುಷಿಪಟ್ಟು ನಾವು ಈ 90,500ನ್ನು ನೋಡದೇ ಸಹಿ ಹಾಕುತ್ತೇವೆ.

ಈಗ ಒಂದೊಂದೇ ಸಾಲು.

ಇನ್ಶೂರೆನ್ಸ್: ಇಲ್ಲಿ ಜಾಸ್ತಿ ಹೊತ್ತು ಕೂರಿ

ಹೊಸ ಕಾರಿನ ಪಾಲಿಸಿಯಲ್ಲಿ ಎರಡು ಭಾಗ ಇರುತ್ತದೆ. ಒಂದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ತೊಂದರೆಗೆ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಇದನ್ನು ಮೂರು ವರ್ಷಕ್ಕೆ ಒಟ್ಟಿಗೇ ಕೊಳ್ಳಬೇಕು. ದರ ನಿಗದಿ ಮಾಡುವುದು ಸರ್ಕಾರ. 2022ರ ಜೂನಿನ ದರಪಟ್ಟಿಯಲ್ಲಿ 1000ದಿಂದ 1500 ಸಿಸಿಯ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ. ಜಿಎಸ್‌ಟಿ ಸೇರಿ ಸುಮಾರು 12,555. ಯಾವ ಕಂಪನಿಯಲ್ಲಿ ಮಾಡಿಸಿದರೂ ಇದು ಒಂದೇ.

ಇನ್ನೊಂದು ಭಾಗ ಓನ್ ಡ್ಯಾಮೇಜ್, ನಿಮ್ಮ ಕಾರಿಗೆ ಆಗುವ ಹಾನಿಗೆ. 2020ರ ಆಗಸ್ಟಿನಿಂದ ಇದು ಒಂದು ವರ್ಷಕ್ಕೆ ಸಾಕು. ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ. ನಮ್ಮ ಉದಾಹರಣೆಯ 41,000ದಲ್ಲಿ ಥರ್ಡ್ ಪಾರ್ಟಿ ಕಳೆದರೆ ಉಳಿಯುವ 28,000 ಚಿಲ್ಲರೆಯಲ್ಲಿ ಹೆಚ್ಚಿನದ್ದು ಈ ಓನ್ ಡ್ಯಾಮೇಜ್ ಮತ್ತು ಅದರ ಮೇಲೆ ಹೆಚ್ಚು ದುಡ್ಡು ಕೊಟ್ಟು ಸೇರಿಸುವ ಆಡ್ ಆನ್‌ಗಳು. ಡೀಲರಿನ ಕಮಿಷನ್ ಕೂತಿರುವುದೂ ಅಲ್ಲೇ, ಚೌಕಾಶಿಗೆ ಜಾಗ ಇರುವುದೂ ಅಲ್ಲೇ.

ಹೀಗೆ ಮಾಡಿ. ಡೀಲರ್ ಕೊಟ್ಟ ಇನ್ಶೂರೆನ್ಸ್ ಕೊಟೇಶನ್ನಿನ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಐಡಿವಿ (ಕಾರು ಪೂರ್ತಿ ಹೋದರೆ ಇನ್ಶೂರೆನ್ಸ್ ಕಂಪನಿ ಕೊಡುವ ಗರಿಷ್ಠ ಮೊತ್ತ) ಎಷ್ಟು, ಯಾವ ಯಾವ ಆಡ್ ಆನ್ ಇದೆ ಎಂದು ನೋಡಿ. ಅದೇ ಐಡಿವಿ, ಅದೇ ಆಡ್ ಆನ್ ಇಟ್ಟು ಊರಿನ ಏಜೆಂಟರ ಹತ್ತಿರ ಒಂದು, ಆನ್‌ಲೈನಿನಲ್ಲಿ ಒಂದು ದರ ತೆಗೆಯಿರಿ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವವರಿದ್ದಾರೆ. ಹೊಸ ಕಾರಿಗೆ ಐಡಿವಿ ಸಾಮಾನ್ಯವಾಗಿ ಎಕ್ಸ್ ಶೋರೂಮ್ ಬೆಲೆಯ 95 ಶೇಕಡಾ ಇರುತ್ತದೆ, ಅದಕ್ಕಿಂತ ಕೆಳಗೆ ಒಪ್ಪಬೇಡಿ.

ಆಡ್ ಆನ್‌ಗಳಲ್ಲಿ ಜೀರೋ ಡೆಪ್ರಿಸಿಯೇಶನ್ (ಭಾಗ ಹಳೆಯದಾಯಿತೆಂದು ಕ್ಲೇಮಿನಲ್ಲಿ ಹಣ ಕಡಿಯದ ಕವರ್) ಮೊದಲ ನಾಲ್ಕೈದು ವರ್ಷ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಬಂಪರ್, ಪ್ಲಾಸ್ಟಿಕ್ ಭಾಗ ಒಡೆದರೆ ಅದಿಲ್ಲದೆ ಅರ್ಧ ದುಡ್ಡು ನಿಮ್ಮ ಕೈಯಿಂದ. ಮಳೆಗಾಲದಲ್ಲಿ ತೋಡು ಉಕ್ಕಿ ರಸ್ತೆಗೆ ನೀರು ಬರುವ ಜಾಗದವರು ಎಂಜಿನ್ ಪ್ರೊಟೆಕ್ಟ್ ಹಾಕಿಸಿ. ಎಂಜಿನ್ನಿಗೆ ನೀರು ಹೋದ ಹಾನಿ ಸಾದಾ ಪಾಲಿಸಿಯಲ್ಲಿ ಸಿಗುವುದು ಕಷ್ಟ. ಕೀ ಕಳೆದರೆ, ಲಗೇಜ್ ಹೋದರೆ ಎಂಬಂಥವು ಬೇಡ. ಪರ್ಸನಲ್ ಆಕ್ಸಿಡೆಂಟ್ ಕವರ್ ಕಡ್ಡಾಯ, ಆದರೆ ನಿಮ್ಮ ಹೆಸರಲ್ಲಿ 15 ಲಕ್ಷದ ಅಪಘಾತ ಪಾಲಿಸಿ ಮೊದಲೇ ಇದ್ದರೆ ಅದನ್ನು ತೋರಿಸಿ ಬಿಡಿಸಿಕೊಳ್ಳಬಹುದು.

"ಹೊರಗಿಂದ ಇನ್ಶೂರೆನ್ಸ್ ತಂದರೆ ಡಿಸ್ಕೌಂಟ್ ಇಲ್ಲ ಸರ್" ಅಂತ ಖಂಡಿತ ಹೇಳುತ್ತಾರೆ. ನಮಗೂ ಹೇಳಿದರು. ಇಂಥ ಕಡೆಯೇ ಪಾಲಿಸಿ ಕೊಳ್ಳಬೇಕು ಎಂದು ಡೀಲರ್ ಬಲವಂತ ಮಾಡುವಂತಿಲ್ಲ. ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ 2017ರ ನಿಯಮವೇ ಇದೆ. ಜಗಳ ಆಡಬೇಡಿ. "ಕಂಪನಿಯ ಆಫರ್ ಬೇರೆ, ಇನ್ಶೂರೆನ್ಸ್ ಬೇರೆ. ಎರಡನ್ನೂ ಬೇರೆ ಬರೆದು ಕೊಡಿ" ಅನ್ನಿ. ಹೊರಗಿನ ದರ ತೋರಿಸಿದ ಮೇಲೆ ಮ್ಯಾನೇಜರ್ ಬಂದು ಇಳಿಸುವುದೇ ಹೆಚ್ಚು. ಹೊರಗಿನದ್ದಕ್ಕೂ ಅವರದ್ದಕ್ಕೂ ಎರಡು ಮೂರು ಸಾವಿರದ ವ್ಯತ್ಯಾಸ ಮಾತ್ರ ಉಳಿದರೆ ಡೀಲರ್ ಹತ್ತಿರವೇ ಮಾಡಿಸಿ ಅನ್ನುತ್ತೇನೆ. ಕ್ಲೇಮ್ ಬಂದಾಗ ಅವರದ್ದೇ ವರ್ಕ್‌ಶಾಪಿನಲ್ಲಿ ಕೆಲಸ ಸಲೀಸಾಗುತ್ತದೆ. ಹೊರಗಿನ ಪಾಲಿಸಿ ಆದರೆ ಆ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಇದೆಯೇ ಎಂದು ಮೊದಲೇ ಕೇಳಿ.

ಹಳೆಯ ಕಾರು ಮಾರುವವರು ಮರೆಯುವ ಒಂದು ವಿಷಯ: ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಅರ್ಧದಷ್ಟು ಕಡಿಮೆ ಆಗುತ್ತದೆ. ಹಳೆಯ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಹೊಸ ಕಾರಿಗೆ ಅದು ಸಿಗುತ್ತದೆ. ಪತ್ರಕ್ಕೆ ಮೂರು ವರ್ಷ ಬೆಲೆ ಇದೆ.

ಆಕ್ಸೆಸರಿ, ಕೋಟಿಂಗ್, ವಾರಂಟಿ, ಹ್ಯಾಂಡ್ಲಿಂಗ್

ಮ್ಯಾಟ್, ಸೀಟ್ ಕವರ್, ಮಡ್ ಫ್ಲ್ಯಾಪ್ ಹೊರಗೆ ಅರ್ಧ ಬೆಲೆಗೂ ಸಿಗುತ್ತವೆ. ಇವುಗಳಿಂದ ವಾರಂಟಿ ಹೋಗುವುದಿಲ್ಲ. ಒಂದು ಎಚ್ಚರ: ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ತಕ್ಕ ಹೊಲಿಗೆಯ ಕವರೇ ಬೇಕು. ವಯರ್ ಕತ್ತರಿಸಿ ಹಾಕುವ ಹಾರ್ನ್, ಲೈಟು, ಸ್ಟೀರಿಯೋ ಹೊರಗೆ ಹಾಕಿಸಬೇಡಿ. ಎಲೆಕ್ಟ್ರಿಕಲ್ ತೊಂದರೆ ಬಂದರೆ ಕಂಪನಿ ಕೈ ಎತ್ತುತ್ತದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಯಾರಾದರೂ ಪ್ಯಾಕಿನಲ್ಲಿ ಸೇರಿಸಿದರೆ ತೆಗೆಸಿ.

ಕೋಟಿಂಗಿನಲ್ಲಿ ಬಣ್ಣದ ಮೇಲಿನ ಹೊಳಪಿನ ಕೋಟಿಂಗ್ ಬೇಡ ಎನ್ನುತ್ತೇನೆ. ಅಂಡರ್‌ಬಾಡಿ ಕೋಟಿಂಗ್ ಮಾತ್ರ ಜಾಗ ನೋಡಿ. ಬೇಕಲ, ಕುಂಬಳೆ, ಮಂಜೇಶ್ವರದ ಕಡಲ ಬದಿಯ ಮನೆಯವರಿಗೆ ಉಪ್ಪುಗಾಳಿಯ ತುಕ್ಕು ನಿಜವಾದ ಸಮಸ್ಯೆ. ಒಳನಾಡಿನಲ್ಲಿ ಕಂಪನಿಯವರು ಹಾಕಿ ಕಳಿಸಿದ್ದೇ ಸಾಕು, ಮಳೆಗಾಲ ಮುಗಿದ ಮೇಲೆ ಅಡಿಭಾಗದ ಕೆಸರು ಚೆನ್ನಾಗಿ ತೊಳೆದರಾಯಿತು.

ಎಕ್ಸ್‌ಟೆಂಡೆಡ್ ವಾರಂಟಿ ಟರ್ಬೊ ಎಂಜಿನ್, ಆಟೋಮ್ಯಾಟಿಕ್ ಗೇರಿನ ಕಾರಿಗೆ ಒಳ್ಳೆಯದು. ಆದರೆ ಅದು ಕಾರು ಕಂಪನಿಯದ್ದೇ ಆಗಿರಬೇಕು. ಹೆಚ್ಚಿನ ಕಂಪನಿಗಳಲ್ಲಿ ಮೂಲ ವಾರಂಟಿ ಮುಗಿಯುವ ಮೊದಲು ಕೊಂಡರೆ ಸಾಕಾಗುತ್ತದೆ. ತಡವಾದರೆ ಬೆಲೆ ಸ್ವಲ್ಪ ಏರುತ್ತದೆ. ಮೊದಲ ದಿನವೇ ಅವಸರ ಬೇಡ.

ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಸಾಲನ್ನು ಪೂರ್ತಿ ಹೊಡೆದು ಹಾಕಿಸಿ. ಕಾರು ಶೋರೂಮಿಗೆ ತಲುಪುವವರೆಗಿನ ಖರ್ಚು ಎಕ್ಸ್ ಶೋರೂಮ್ ಬೆಲೆಯಲ್ಲೇ ಇದೆ. ಆರ್‌ಟಿಒ ಫೀಸಿಗೆ ರಸೀದಿ ಇರುತ್ತದೆ, ಅಷ್ಟೇ ಕೊಡಿ. ನಂಬರ್ ಪ್ಲೇಟೂ ಹಾಗೆಯೇ. 2019ರ ಏಪ್ರಿಲಿನಿಂದ ಹೊಸ ಗಾಡಿಗೆ ಹೈ ಸೆಕ್ಯುರಿಟಿ ಪ್ಲೇಟನ್ನು ಕಂಪನಿಯೇ ಗಾಡಿಯ ಜತೆ ಕೊಡಬೇಕು.

ಬೆಲೆ 10 ಲಕ್ಷ ದಾಟಿದರೆ ಟಿಸಿಎಸ್ (ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಎಂದು ಒಂದು ಶೇಕಡಾ ಸೇರುತ್ತದೆ. 12 ಲಕ್ಷಕ್ಕೆ 12,000. ಇದು ಡೀಲರಿಗೂ ಹೋಗುವುದಿಲ್ಲ, ಕಳೆದುಹೋಗುವುದೂ ಇಲ್ಲ. ನಿಮ್ಮ ಪ್ಯಾನ್ ನಂಬರಿಗೆ ಜಮೆ ಆಗುತ್ತದೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದರೆ ವಾಪಸು ಸಿಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮ ತೋಟದವರು ಎಷ್ಟೋ ಜನ ರಿಟರ್ನ್ ಹಾಕುವುದೇ ಇಲ್ಲ. ಆ ದುಡ್ಡು ಅಲ್ಲೇ ಉಳಿಯುತ್ತದೆ. ಆ ಒಂದು ವರ್ಷವಾದರೂ ಹಾಕಿ. ಅಡಿಕೆ ಮಾರಿದ ನಗದನ್ನೇ ಕೊಟ್ಟು ಕಾರು ತರುವ ಯೋಚನೆಯನ್ನೂ ಬಿಡಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳಲು ಡೀಲರಿಗೆ ಕಾನೂನು ಬಿಡುವುದಿಲ್ಲ.

ಲೋನ್: ಇಎಂಐ ಕೇಳಬೇಡಿ, ಬಡ್ಡಿ ಕೇಳಿ

ಶೋರೂಮಿನಲ್ಲೇ ಕೂತಿರುವ ಬ್ಯಾಂಕಿನ ಹುಡುಗ ಸಾಲ ಮಾಡಿಸಿಕೊಟ್ಟರೆ ಡೀಲರಿಗೂ ಒಂದು ಪಾಲು ಹೋಗುತ್ತದೆ. ಆ ಪಾಲು ಕೊನೆಗೆ ನಿಮ್ಮ ಬಡ್ಡಿಯಿಂದಲೇ ಬರಬೇಕು. 6 ಲಕ್ಷ, ಐದು ವರ್ಷ, ಶೇಕಡಾ 9 ಅಂದರೆ ಇಎಂಐ ಸುಮಾರು 12,455. ಶೇಕಡಾ 9.75 ಆದರೆ 12,675. ತಿಂಗಳಿಗೆ 220 ರೂಪಾಯಿ ಏನು ಮಹಾ ಅನ್ನಿಸುತ್ತದೆ. ಐದು ವರ್ಷಕ್ಕೆ 13,000 ದಾಟುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಫ್ಲಾಟ್ ರೇಟ್, ಅಂದರೆ ಎಷ್ಟು ತೀರಿಸಿದರೂ ಮೊದಲಿನ ಪೂರ್ತಿ ಸಾಲದ ಮೇಲೇ ಬಡ್ಡಿ ಹಾಕುವುದು. ಅದೇ ಶೇಕಡಾ 9ನ್ನು ಫ್ಲಾಟ್ ಅಂತ ಹಾಕಿದರೆ ಇಎಂಐ 14,500. ಬಡ್ಡಿಯೇ 2.7 ಲಕ್ಷ. ಇಳಿಯುವ ಬಾಕಿಯ ಮೇಲೆ (ರೆಡ್ಯೂಸಿಂಗ್) ಲೆಕ್ಕ ಹಾಕಿದರೆ 1.47 ಲಕ್ಷ ಮಾತ್ರ. ಹೇಳುವಾಗ ಎರಡೂ "ಒಂಬತ್ತು ಪರ್ಸೆಂಟೇ". "ರೆಡ್ಯೂಸಿಂಗಾ, ಫ್ಲಾಟಾ?" ಎಂದು ಬಾಯಿಬಿಟ್ಟು ಕೇಳಿ. 2024ರ ಅಕ್ಟೋಬರಿನಿಂದ ಬ್ಯಾಂಕುಗಳು ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆ ಹಾಳೆ ನೋಡದೆ ಸಹಿ ಬೇಡ.

ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲೋ, ಊರಿನ ಸಹಕಾರಿ ಬ್ಯಾಂಕಿನಲ್ಲೋ ಒಂದು ದರ ಕೇಳಿಟ್ಟುಕೊಳ್ಳಿ. ಬೆಳೆ ಮಾರಿದಾಗ ಒಟ್ಟಿಗೆ ಕಟ್ಟುವ ಅಭ್ಯಾಸ ನಮ್ಮದು. ಹಾಗಾಗಿ ಅವಧಿಗೆ ಮುಂಚೆ ಕಟ್ಟಿದರೆ ದಂಡ ಎಷ್ಟು ಎಂಬುದು ನಮಗೆ ಬಡ್ಡಿಯಷ್ಟೇ ಮುಖ್ಯ. ಸಾಲದ ಜತೆ ತಳ್ಳುವ ಜೀವ ವಿಮೆ ಬೇಡವಾದರೆ ಬೇಡ ಎಂದೇ ಹೇಳಿ.

ಹಳೆಯ ಕಾರು

ಎಕ್ಸ್‌ಚೇಂಜ್ ಬೋನಸ್ 30,000 ಅಂತ ಬೋರ್ಡು ಇರುತ್ತದೆ. ಆದರೆ ಹಳೆಯ ಕಾರಿನ ಬೆಲೆಯನ್ನೇ 40,000 ಇಳಿಸಿ ಹಿಡಿದರೆ ಆ ಬೋನಸ್ಸಿಗೆ ಅರ್ಥ ಏನು? ಕೇರಳದಲ್ಲಿ ಸೆಕೆಂಡ್ ಹ್ಯಾಂಡ್ ಕಾರಿಗೆ ಒಳ್ಳೆಯ ಬೇಡಿಕೆ ಇದೆ. ಮೊದಲು ಹೊರಗೆ ಇಬ್ಬರಿಗೆ ತೋರಿಸಿ ಬೆಲೆ ತಿಳಿದುಕೊಳ್ಳಿ. ಹೊಸ ಕಾರಿನ ಮಾತುಕತೆ ಮುಗಿದು, ಬರೆದು ಕೊಟ್ಟ ಮೇಲೆ ಮಾತ್ರ ಹಳೆಯದರ ವಿಷಯ ತೆಗೆಯಿರಿ. ಕೆಎಲ್ ನಂಬರಿನ ಕಾರನ್ನು ಮಂಗಳೂರಿನ ಡೀಲರಿಗೆ ಕೊಟ್ಟರೆ ಬೆಲೆ ಸ್ವಲ್ಪ ಕಡಿಮೆಯೇ ಹೇಳುತ್ತಾರೆ. ಅಲ್ಲಿ ಮಾರಬೇಕಾದರೆ ಇಲ್ಲಿನ ಆರ್‌ಟಿಒ ಕೊಡುವ ಆಕ್ಷೇಪಣೆ ಇಲ್ಲ ಎಂಬ ಪತ್ರ, ಅಂದರೆ ಎನ್‌ಒಸಿ, ಆ ರಾಜ್ಯದ ತೆರಿಗೆ ಎಲ್ಲ ಬರುತ್ತದೆ.

ಯಾರಿಗೆ ಕೊಟ್ಟರೂ ಆರ್‌ಸಿ ಹೆಸರು ಬದಲಾಗುವವರೆಗೆ ಬಿಡಬೇಡಿ. ಆರ್‌ಸಿಯಲ್ಲಿ ಹೆಸರಿದ್ದವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡೀಲರಿಗೆ ಕೊಟ್ಟರೆ, ಗಾಡಿ ಒಪ್ಪಿಸಿದ ವಿವರವನ್ನು ಅವರು ಪರಿವಾಹನ್ ಪೋರ್ಟಲಿನಲ್ಲಿ ದಾಖಲಿಸಿ ರಸೀದಿ ಕೊಡುವ ವ್ಯವಸ್ಥೆ 2023ರ ಏಪ್ರಿಲಿನಿಂದ ಇದೆ. ಕೇಳಿ ತೆಗೆದುಕೊಳ್ಳಿ.

ದುಡ್ಡು ಕಟ್ಟುವಾಗ, ಗಾಡಿ ತರುವಾಗ

ಬುಕಿಂಗ್ ಹಣ ಸೇಲ್ಸಿನವರ ಸ್ವಂತ ನಂಬರಿಗೆ ಹಾಕಲೇಬೇಡಿ. ಡೀಲರಿನ ಖಾತೆಗೆ ಹಾಕಿ ರಸೀದಿ ಪಡೆಯಿರಿ. ಬಾಯಿಮಾತಿನಲ್ಲಿ ಒಪ್ಪಿದ್ದೆಲ್ಲ, ಅಂದರೆ ಫ್ರೀ ಮ್ಯಾಟ್, ಡಿಸ್ಕೌಂಟ್, ಡೆಲಿವರಿ ದಿನ, ಬುಕಿಂಗ್ ರದ್ದಾದರೆ ಎಷ್ಟು ವಾಪಸು ಎಂಬುದೆಲ್ಲ ಬುಕಿಂಗ್ ಫಾರಮ್ಮಿನ ಮೇಲೆ ಸಹಿ ಸಮೇತ ಬರಲಿ. ಮಲಯಾಳ ಓದಲು ಬಾರದವರು "ಇಂಗ್ಲಿಷಿನಲ್ಲಿ ಕೊಡಿ" ಎಂದು ಕೇಳಲು ಸಂಕೋಚ ಪಡಬೇಡಿ, ಕೊಡುತ್ತಾರೆ.

ರಿಜಿಸ್ಟ್ರೇಶನ್ ಆಗುವ ಮೊದಲೇ ಯಾರ್ಡಿಗೆ ಹೋಗಿ ನಿಮ್ಮ ಕಾರನ್ನೇ ಹಗಲು ಬೆಳಕಿನಲ್ಲಿ ನೋಡಿ. ಹೆಸರಿಗೆ ಆದ ಮೇಲೆ ಬದಲಿಸುವುದು ಕಷ್ಟ. ಚಾಸಿಸ್ ನಂಬರ್ ಬರೆದುಕೊಂಡು ಇನ್‌ವಾಯ್ಸಿನ ಜತೆ ತಾಳೆ ನೋಡಿ. ಸೇಲ್ ಸರ್ಟಿಫಿಕೇಟಿನಲ್ಲಿ, ಅಂದರೆ ಫಾರಂ 21ರಲ್ಲಿ, ಕಾರು ತಯಾರಾದ ತಿಂಗಳು, ವರ್ಷ ಇರುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇದೆ: 2325 ಅಂದರೆ 2025ರ 23ನೇ ವಾರ. ನಾಲ್ಕು ಟಯರಿನಲ್ಲಿ ಒಂದು ಮಾತ್ರ ಬಹಳ ಬೇರೆಯಾಗಿದ್ದರೆ ಕಾರಣ ಕೇಳಿ. ಕಾರು ಬಹಳ ದಿನ ನಿಂತದ್ದು ಎಂದು ಗೊತ್ತಾದರೆ ಬೇರೆ ಕೊಡಿ ಎನ್ನಿ, ಇಲ್ಲವಾದರೆ ಬೆಲೆ ಇಳಿಸಿ ಎನ್ನಿ.

ಸರ್ವಿಸ್ ಶುರುವಾದ ಮೇಲೆ ಕಾರಿನ ಜತೆ ಬಂದ ಮ್ಯಾನುಯಲ್ ಪುಸ್ತಕ ಗಾಡಿಯಲ್ಲೇ ಇರಲಿ. ಡೀಲರಿಗೆ ವರ್ಷ ವರ್ಷವೂ ನಿಲ್ಲದ ಸಂಪಾದನೆ ವರ್ಕ್‌ಶಾಪಿನಿಂದ. ಫ್ರೀ ಸರ್ವಿಸಿನಲ್ಲಿ ಫ್ರೀ ಆಗಿರುವುದು ಕೂಲಿ ಮಾತ್ರ, ಆಯಿಲ್, ಫಿಲ್ಟರಿಗೆ ದುಡ್ಡು ಕೊಡಬೇಕು. ಎಂಜಿನ್ ಫ್ಲಶ್, ಎಸಿ ಕ್ಲೀನಿಂಗ್, ಥ್ರಾಟಲ್ ಕ್ಲೀನಿಂಗ್ ಎಂದು ಸರ್ವಿಸ್ ಅಡ್ವೈಸರ್ ಪಟ್ಟಿ ಓದಿದರೆ, ಆ ಕಿಲೋಮೀಟರಿಗೆ ಮ್ಯಾನುಯಲ್ಲಿನಲ್ಲಿ ಏನು ಬರೆದಿದೆ ನೋಡಿ. ಅದರಲ್ಲಿ ಇಲ್ಲದ್ದು ಬೇಡ. ಜಾಬ್ ಕಾರ್ಡಿನಲ್ಲಿ ಅಂದಾಜು ಮೊತ್ತ ಬರೆಸಿ, "ಇದಕ್ಕಿಂತ ಜಾಸ್ತಿ ಆಗುವುದಾದರೆ ಫೋನ್ ಮಾಡಿ ಕೇಳಿ" ಎಂದು ಸೇರಿಸಿ ಸಹಿ ಹಾಕಿ.

ಇಷ್ಟಾದರೂ ಮೋಸ ಆಯಿತು ಅನ್ನಿಸಿದರೆ ಮೊದಲು ಡೀಲರಿಗೆ, ಆಮೇಲೆ ಕಾರು ಕಂಪನಿಗೆ ಇಮೇಲಿನಲ್ಲಿ ಬರೆಯಿರಿ. ಫೋನಿನ ಮಾತಿಗೆ ಸಾಕ್ಷಿ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ನಮ್ಮಂಥ ಗಡಿಯವರಿಗೆ ಒಂದು ಉಪಕಾರ ಮಾಡಿದೆ: ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕಾರು ಮಂಗಳೂರಿನಲ್ಲಿ ಕೊಂಡಿದ್ದರೂ ದೂರನ್ನು ಕಾಸರಗೋಡಿನಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸೂ ಇಲ್ಲ. ಬಿಡಿಬಿಡಿಯಾದ ಕೊಟೇಶನ್, ಬುಕಿಂಗ್ ಫಾರಂ, ಇನ್‌ವಾಯ್ಸ್, ರಸೀದಿ, ಜಾಬ್ ಕಾರ್ಡುಗಳನ್ನು ಒಂದೇ ಫೈಲಿನಲ್ಲಿ ಇಟ್ಟಿದ್ದರೆ ವಕೀಲರಿಲ್ಲದೆಯೂ ಅರ್ಜಿ ಬರೆಯಬಹುದು.